ಹುಳ ತೆಗೆದ ಕೈ

ಹೋದ ವಾರ ನಮ್ಮ ಬಾಡಿಗೆ ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಯಲು ಪೇಂಟರ್ ಬಂದಿದ್ದ. ಪಡಸಾಲೆಯಲ್ಲಿ ಹಳೆಯ ಪೇಪರ್ ಹಾಸಿ, ಡಬ್ಬಿಯ ಮುಚ್ಚಳ ಎಬ್ಬಿಸಿ, ಬಣ್ಣಕ್ಕೆ ಟರ್ಪೆಂಟೈನ್ ಸುರಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚಹಾದ ಕಪ್ಪನ್ನು ಹಾಗೇ ನೆಲಕ್ಕಿಟ್ಟು ಕೂತುಬಿಟ್ಟೆ.

"ತಲಿ ತಿರಗಾಕತ್ತೈತೇನ್ರಿ? ಹೊರಗ ಕುಂದರ್ರಿ" ಅಂದ.

ತಲೆ ತಿರುಗಿರಲಿಲ್ಲ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ಒಂದು ಬೆಂಚು ಕಣ್ಣ ಮುಂದೆ ಬಂದು ನಿಂತಿತ್ತು. ಆ ಬೆಂಚಿನ ಮೇಲೆ ಕೂತು, ನಾಲ್ಕು ವರ್ಷದ ಹುಡುಗಿಯ ತಲೆಯನ್ನು ಎರಡೂ ಕೈಯಿಂದ ಅಲುಗದ ಹಾಗೆ ಹಿಡಿದುಕೊಂಡಿದ್ದ ನಮ್ಮ ಆಯಾ...

ಹದಿನೇಳು ವರ್ಷದ ಹಿಂದಿನ ಮಾತು. ಕಲಘಟಗಿ ಕಡೆಯ ದುಮ್ಮವಾಡದಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನಲ್ಲಿ ನಾನು ಅಂಗನವಾಡಿ ನಡೆಸುತ್ತಿದ್ದೆ. ಅದು ನನ್ನ ತವರೂರು. ಗಂಡನ ಮನೆ ನನಗೆ ಆಗಿಬರಲಿಲ್ಲ. ತಿರುಗಿ ಬಂದು ಅಣ್ಣನ ಮನೆಯ ಒಂದು ಕೋಣೆಯಲ್ಲಿದ್ದೆ. ಅಣ್ಣ ಊರಿನಲ್ಲಿ ನಾಲ್ಕು ಮಂದಿ ಮಾತು ಕೇಳುವಂಥ ಮನುಷ್ಯ. ಅವನ ಮಾತಿನಿಂದಲೇ ನನಗೆ ಆ ಕೆಲಸ ಸಿಕ್ಕಿತ್ತು. ಮಕ್ಕಳೂ ಅವರ ತಾಯಂದಿರೂ ನನ್ನನ್ನು ಅಕ್ಕೋರ ಅನ್ನುತ್ತಿದ್ದರು.

ಆಯಾ ಅಂದರೆ ನನ್ನ ಸಹಾಯಕಿ. ಬೆಳಿಗ್ಗೆ ನನಗಿಂತ ಮೊದಲು ಬಂದು ಕಸ ಹೊಡೆದು, ನೀರು ತುಂಬಿ, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದು, ಆಮೇಲೆ ಒಲೆ ಹಚ್ಚುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಆದರೂ ನಾನು ಅವಳನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವಳು ನನಗೆ 'ರೀ' ಹಚ್ಚುತ್ತಿದ್ದಳು. ಈಗ ಇಲ್ಲಿ ಬಹುವಚನ ಬರೆದರೆ ಆಗಲೂ ಹಾಗೇ ಕರೆಯುತ್ತಿದ್ದೆನೇನೋ ಎಂದು ಓದಿದವರು ತಿಳಿದಾರು. ಅದಕ್ಕೇ ಬರೆಯುತ್ತಿಲ್ಲ.

ಅವಳ ಮನೆ ಊರ ಹೊರಗಿನ ಓಣಿಯಲ್ಲಿತ್ತು. ಗೋಡೆಯ ಮೇಲೆ ಬುದ್ಧನದೊಂದು ಚಿತ್ರ, ಒಂದು ಕೋಣೆ, ಒಂದು ಕೋಳಿಗೂಡು. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಲಗಿವಿ ಕೇಳಿಸುತ್ತಿರಲಿಲ್ಲ. ಯಾರಾದರೂ ಆ ಬದಿಯಿಂದ ಕರೆದರೆ ಸುಮ್ಮನೆ ಹೋಗಿಬಿಡುವಳು. ಹೊಸಬರು "ಎಷ್ಟು ಸೊಕ್ಕು" ಅಂದುಕೊಳ್ಳುತ್ತಿದ್ದರು. ಕೇಳಿದರೆ "ಸಣ್ಣಾಕಿದ್ದಾಗಿಂದ ಹಂಗ ಐತ್ರಿ" ಅನ್ನುವಳು, ಅಷ್ಟೇ.

ಅವಳ ಅಡಿಗೆ ಚಲೋ ಇರುತ್ತಿತ್ತು. ಹೆಸರುಕಾಳಿನ ಉಸುಳಿ ಮಾಡಿದ ದಿನ ಮಕ್ಕಳು ತಟ್ಟೆ ನೆಕ್ಕುತ್ತಿದ್ದವು. ಆದರೂ ಕೆಲವು ಮನೆಯವರು ಮಕ್ಕಳಿಗೆ ಮನೆಯಿಂದಲೇ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಆಯಾ ಆ ಡಬ್ಬಿಗಳನ್ನು ತಾನೇ ಬಿಚ್ಚಿ ಕೊಡುತ್ತಿರಲಿಲ್ಲ. ಮಕ್ಕಳಿಗೆ ಬಾರದಿದ್ದರೆ ನನ್ನ ಕಡೆ ಕಳಿಸುತ್ತಿದ್ದಳು.

ಆ ವರ್ಷ ಮಳೆ ಹಿಡಿದು ಬಿಟ್ಟಿತ್ತು. ನಾಟಿಯ ಕೆಲಸ ಭರದಲ್ಲಿ ನಡೆದಿತ್ತು. ತಾಯಂದಿರು ಮಕ್ಕಳನ್ನು ನಮ್ಮಲ್ಲಿ ಬಿಟ್ಟು ಗದ್ದೆಗೆ ಇಳಿಯುತ್ತಿದ್ದರು. ತಿಪ್ಪೆ ನೆಂದು, ಮಾವಿನ ಸಿಪ್ಪೆ ಕೊಳೆತು, ಎಲ್ಲಿ ನೋಡಿದರೂ ನೊಣ. ಮಕ್ಕಳನ್ನು ಮಧ್ಯಾಹ್ನ ಮಲಗಿಸಿದರೆ ಬಾಯಿ ಮೂಗಿನ ಮೇಲೆಲ್ಲ ಮುತ್ತುತ್ತಿದ್ದವು. ಆಯಾ ಹಳೆಯ ಸೀರೆಯ ತುಂಡೊಂದನ್ನು ಬೀಸುತ್ತ ಅವರ ನಡುವೆ ಕೂತಿರುತ್ತಿದ್ದಳು.

ಆ ಮಕ್ಕಳಲ್ಲಿ ಒಂದು ಹುಡುಗಿಯ ಕಿವಿ ಸೋರುತ್ತಿತ್ತು. ಹೆಸರು ಬರೆಯುವುದಿಲ್ಲ. ಆ ಹುಡುಗಿ ಬೇಡ ಅಂದಿಲ್ಲ, ಆದರೆ ಆಯಾ ಮುಚ್ಚಿಟ್ಟ ಹೆಸರು ಅದು. ನೆಗಡಿಯಾದಾಗಲೆಲ್ಲ ಎಡಗಿವಿಯಿಂದ ಹಳದಿ ನೀರು ಇಳಿದು ಕೆನ್ನೆಯ ಮೇಲೆ ಒಣಗಿರುತ್ತಿತ್ತು. ಆಯಾ ಎರಡು ಸಲ ನನ್ನ ಹತ್ತಿರ ತಂದು ತೋರಿಸಿದ್ದಳು. "ಸಣ್ಣ ಹುಡುಗರಿಗೆ ಕಿವಿ ಸೋರೂದು ಇದ್ದದ್ದೇ, ತಾನೇ ಕಡಿಮಿ ಆಗತೈತಿ" ಅಂದಿದ್ದೆ. ತಿಂಗಳ ಆರೋಗ್ಯದ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಚೆನ್ನಾಗಿದೆ' ಎಂದು ಬರೆದದ್ದು ಇದೇ ಕೈ.

ಒಂದು ದಿನ ಬೆಳಿಗ್ಗೆ ಆ ಹುಡುಗಿ ಬಂದವಳೇ ಮೂಲೆಯಲ್ಲಿ ಕೂತು ಕಿವಿಗೆ ಬಡಿದುಕೊಳ್ಳತೊಡಗಿದಳು. ಉಪ್ಪಿಟ್ಟು ಕೊಟ್ಟರೆ ತಟ್ಟೆ ದೂಡಿದಳು. ಹತ್ತಿರ ಹೋದರೆ ಕೊಳೆತ ವಾಸನೆ. ಕಿವಿಯ ಕೆಳಗೆ ರಕ್ತದ ಗೆರೆ. "ಒಳಗ ಯಾರೋ ನಡ್ಯಾಕತ್ತಾರ" ಎಂದು ಅಳುತ್ತ ಹೇಳಿದಳು. ಆ ಮಾತು ನನಗೆ ಮಕ್ಕಳ ಮಾತಾಗಿ ಕೇಳಿಸಿತು. ಆಯಾಗೆ ಹಾಗೆ ಕೇಳಿಸಲಿಲ್ಲ.

ಅವಳು ಒಲೆ ಬಿಟ್ಟು ಎದ್ದು ಬಂದು ಹುಡುಗಿಯನ್ನು ಬಾಗಿಲ ಬೆಳಕಿಗೆ ಕರೆದೊಯ್ದು, ತೊಡೆಯ ಮೇಲೆ ತಲೆ ಇಟ್ಟುಕೊಂಡಳು. ಕಿವಿಯ ಅಂಚನ್ನು ಮೆಲ್ಲಗೆ ಎಳೆದು ನೋಡಿದಳು. ನಾನೂ ಬಗ್ಗಿದೆ. ಒಳಗೆ ಬೆಳ್ಳಗಿನದೇನೋ ಹೊರಳಿತು. ಒಂದಲ್ಲ. ಅಕ್ಕಿಯ ಕಾಳುಗಳಿಗೆ ಜೀವ ಬಂದ ಹಾಗೆ... ಒಂದು ತಾನಾಗೇ ಅಂಚಿಗೆ ಬಂತು. ಆಯಾ ಅದನ್ನು ಎರಡು ಬೆರಳಿನಿಂದ ಹಿಡಿದು ತನ್ನ ಸೆರಗಿನ ತುದಿಗೆ ಹಾಕಿಕೊಂಡಳು. ನಾನು ಹೊರಗೆ ಓಡಿಹೋಗಿ ಗೋಡೆ ಹಿಡಿದು ವಾಂತಿ ಮಾಡಿದೆ.

ತಿರುಗಿ ಬಂದಾಗ ಅವಳು ಹಾಗೇ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು, ಕೈ ಮಾತ್ರ ಹುಡುಗಿಯ ಬೆನ್ನು ಸವರುತ್ತಿತ್ತು. ಸುತ್ತ ನಾಲ್ಕಾರು ಮಕ್ಕಳು ನಿಂತು ಸೆರಗಿನೊಳಗಿನದನ್ನು ನೋಡುತ್ತಿದ್ದವು.

"ಅಕ್ಕೋರ, ಇವರವ್ವನ್ನ ಕರಸ್ರಿ. ಯಾರ ಮುಂದೂ ಏನಂತ ಹೇಳಬ್ಯಾಡ್ರಿ."

ನಮ್ಮ ಕಡೆ ಜಗಳ ಬಿದ್ದರೆ ಬಾಯಿಗೆ ಮೊದಲು ಬರುವ ಬೈಗುಳವೇ 'ನಿನಗ ಹುಳಾ ಬೀಳಲಿ' ಎಂಬುದು. ಮನುಷ್ಯನ ಮೈಯಲ್ಲಿ ಹುಳ ಬಿತ್ತೆಂದರೆ ಅದು ರೋಗವಲ್ಲ, ಯಾರದೋ ಶಾಪ, ಯಾವುದೋ ಪಾಪದ ಫಲ. ನಾಲ್ಕು ವರ್ಷದ ಹೆಣ್ಣುಮಗುವಿಗೆ ಆ ಹೆಸರು ಅಂಟಿದರೆ ಅದು ದೊಡ್ಡವಳಾಗುವ ತನಕ ಬಿಡುವುದಿಲ್ಲ.

ತಾಯಿ ಗದ್ದೆಯಿಂದ ಕೆಸರುಗಾಲಿನಲ್ಲೇ ಓಡಿಬಂದಳು. ಇಪ್ಪತ್ತೈದು ದಾಟಿರದ ಹೆಣ್ಣುಮಗಳು. ಗಂಡ ಗೋವಾಕ್ಕೆ ದುಡಿಯಲು ಹೋಗಿದ್ದ. ಆಯಾ ಸೆರಗು ಬಿಚ್ಚಿ ತೋರಿಸಿದಾಗ ಅವಳು ಕೂಗಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಸೀತಾಫಲದ ತಪ್ಪಲಾ ಅರದು ರಸಾ ಹಿಂಡೂಣು. ನಮ್ಮ ಎತ್ತಿನ ಗಾಯಕ್ಕ ಹುಳಾ ಬಿದ್ದಾಗ ಅದನ್ನ ಹಾಕಿದ್ವಿ, ಎಲ್ಲಾ ಸತ್ತುವು" ಎಂದಳು.

"ಕೂಸದು ತಂಗಿ, ದನಾ ಅಲ್ಲ."

"ಮತ್ತೇನ್ ಮಾಡಲಿ ಆಯಾ? ದವಾಖಾನಿಗೆ ಒಯ್ದರ ಊರಿಗೆಲ್ಲಾ ಗೊತ್ತಾಗತೈತಿ."

ಆಯಾ ತನ್ನ ಬಲಗಿವಿಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು. "ಇಲ್ಲೆ ನೋಡು. ನನಗೂ ಆಗಿತ್ತು, ನಿನ್ನ ಮಗಳಷ್ಟ ಇದ್ದೆ. ನಮ್ಮವ್ವ ಊರಿಗೆ ಗೊತ್ತಾದೀತಂತ ಬಾಗಲಾ ಹಾಕ್ಕೊಂಡು ಏನೇನೋ ರಸಾ ಹಿಂಡಿದ್ಲು. ಹುಳಾ ಸತ್ತುವು. ಕಿವಿನೂ ಸತ್ತು ಹೋತು. ನಡಿ, ಏಳು, ಬಸ್ಸಿಗೆ ಹೋಗೂಣು."

ಎಂಟು ವರ್ಷ ಜೊತೆಗೆ ಕೆಲಸ ಮಾಡಿದ್ದೆ. ಅವತ್ತೇ ಮೊದಲ ಸಲ ಆ ಕಿವಿಯ ಕಥೆ ಕೇಳಿದ್ದು.

ಮಿಕ್ಕ ಮಕ್ಕಳನ್ನು ಮನೆಗೆ ಕಳಿಸಿ, ಬೀಗ ಹಾಕಿ ನಾನೂ ಹೊರಟೆ. ಕಲಘಟಗಿಯ ಡಾಕ್ಟರು ಟಾರ್ಚ್ ಹಾಕಿ ನೋಡಿ, ಏನೂ ಮುಟ್ಟದೆ, ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಬಸ್ಸಿನಲ್ಲಿ ಹುಡುಗಿ ಅತ್ತು ಅತ್ತು ಸೋತು ಆಯಾಳ ಎದೆಗೆ ಒರಗಿದ್ದಳು. ಆಯಾ ಆ ಕಿವಿಯನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. ವಾಸನೆಗೆ ಮುಂದಿನ ಸೀಟಿನವರು ಎದ್ದು ಬೇರೆ ಕಡೆ ಹೋದರು. "ಕೂಸು ವಾಂತಿ ಮಾಡ್ಕೊಂಡೈತ್ರಿ" ಎಂದು ಆಯಾ ತಾನಾಗಿಯೇ ಅವರಿಗೆ ಹೇಳಿದಳು.

ಹುಬ್ಬಳ್ಳಿಯಲ್ಲಿ ಕಿವಿಯ ಡಾಕ್ಟರು ಒಬ್ಬ ಹರೆಯದ ಹೆಣ್ಣುಮಗಳು. ಟರ್ಪೆಂಟೈನಿನಲ್ಲಿ ಅದ್ದಿದ ಬತ್ತಿಯನ್ನು ಕಿವಿಯ ಬಾಯಿಗೆ ಇಟ್ಟು ಸ್ವಲ್ಪ ಹೊತ್ತು ಕಾದರು. ಆಮೇಲೆ ದೊಡ್ಡ ದೀಪದ ಕೆಳಗೆ ಸಣ್ಣ ಚಿಮಟದಿಂದ ಒಂದೊಂದಾಗಿ ತೆಗೆದು ಸ್ಟೀಲಿನ ಬಟ್ಟಲಿಗೆ ಹಾಕಿದರು. ತಾಯಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ತಲೆ ಹಿಡಿದುಕೊಂಡವಳು ಆಯಾ. ಹುಡುಗಿ ಅವಳ ಮುಂಗೈಯನ್ನು ಕಚ್ಚಿ ಹಿಡಿದಿದ್ದಳು, ಆಯಾ ಬಿಡಿಸಿಕೊಳ್ಳಲಿಲ್ಲ. "ಮುಗೀತು ನನ್ನ ಬಂಗಾರಾ, ಇದೊಂದು... ಇದೊಂದು..." ಹನ್ನೊಂದು ಬಂದವು.

"ಈ ಕಿವಿ ಎಷ್ಟು ದಿನದಿಂದ ಸೋರ್ತಿತ್ತು? ಯಾರೂ ನೋಡಲಿಲ್ಲೇನು?" ಎಂದು ಡಾಕ್ಟರು ಕೇಳಿದರು. ತಾಯಿ ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ, ಅಥವಾ ತೆರೆಯಬಾರದೆಂದುಕೊಳ್ಳುವಷ್ಟರಲ್ಲಿ, ಆಯಾ ಅಂದಳು, "ನಂದ ತಪ್ಪರಿ ಡಾಕ್ಟರ ಬಾಯಾರ. ದಿನಾ ನಾನ ಮಲಗಸ್ತಿದ್ದೆ, ನೋಡಲಿಲ್ಲ."

ಡಾಕ್ಟರು ಆಮೇಲೆ ಸಮಾಧಾನದಿಂದ ಹೇಳಿದರು. ಸೋರುವ ಕಿವಿಗೆ ನೊಣ ಕೂಡುತ್ತದೆ, ತತ್ತಿ ಇಡುತ್ತದೆ, ಒಂದೆರಡು ದಿನದಲ್ಲೇ ಹುಳವಾಗುತ್ತದೆ. ಮಗು ಮಲಗಿದ್ದಾಗ ಅದಕ್ಕೆ ಗೊತ್ತೂ ಆಗುವುದಿಲ್ಲ. ಇದು ಶಾಪವೂ ಅಲ್ಲ, ಪಾಪವೂ ಅಲ್ಲ. ಏನೂ ಹಿಂಡದೆ ಕರೆತಂದದ್ದು ಬಹಳ ಚಲೋ ಆಯಿತು. ಕಿವಿಯ ತಮಟೆಗೆ ತೂತಾಗಿದೆ, ಸ್ವಲ್ಪ ಮಂದವಾಗಬಹುದು, ಆದರೆ ಕಿವಿ ಉಳಿಯುತ್ತದೆ.

ನಾನು ಸಂಜೆಯ ಬಸ್ಸಿಗೆ ತಿರುಗಿ ಬಂದೆ. ಆಯಾ ಮಾತ್ರ ಅವರ ಜೊತೆ ಮೂರು ದಿನ ಅಲ್ಲೇ ಉಳಿದಳು. ತಾಯಿ ಮಗಳನ್ನು ಅಲ್ಲಿಂದಲೇ ತನ್ನ ತವರಿಗೆ ಕರೆದೊಯ್ದಳು. ಅವರು ಅಜ್ಜಿಯ ಮನೆಗೆ ಹೋಗಿದ್ದಾರೆ ಎಂದು ಊರವರಿಗೆ ಹೇಳಿದೆವು.

ಆದರೆ ಅವತ್ತು ಸುತ್ತ ನಿಂತು ನೋಡಿದ ಮಕ್ಕಳಿದ್ದವಲ್ಲ... ಅವು ಮನೆಗೆ ಹೋಗಿ, ಆಯಾಳ ಸೆರಗಿನಲ್ಲಿ ಹುಳ ಇತ್ತು ಎಂದು ಹೇಳಿದ್ದವು. ಯಾರದು, ಎಲ್ಲಿಂದ ಬಂತು ಎಂದು ಹೇಳುವಷ್ಟು ದೊಡ್ಡವಲ್ಲ ಅವು. ಒಂದು ಮಗು ಉಪ್ಪಿಟ್ಟಿನಲ್ಲಿತ್ತು ಅಂದಿತು, ಇನ್ನೊಂದು ಆಯಾಳ ಕೈಯಿಂದ ಬಂತು ಅಂದಿತು, ಮತ್ತೊಂದು ಯಾವುದೋ ಕೂಸಿನ ಮೈಯಿಂದ ಅಂದಿತು. ಹತ್ತು ಹನ್ನೆರಡು ದಿನದಲ್ಲಿ ಊರೆಲ್ಲ ಅದೇ ಮಾತು. ಕೊನೆಗೆ ಒಂದು ಸೋಮವಾರ ತಾಯಂದಿರೂ ಕೆಲವು ಗಂಡಸರೂ ಅಂಗನವಾಡಿಯ ಮುಂದೆ ಕೂಡಿದರು. ಹುಡುಗಿಯ ತಾಯಿ ಹಿಂದಿನ ದಿನವಷ್ಟೇ ತವರಿನಿಂದ ಬಂದಿದ್ದಳು. ಅವಳೂ ಹಿಂದೆ ನಿಂತಿದ್ದಳು.

ಮಾತು ತೆಗೆದವನು ನನ್ನ ಅಣ್ಣ. ಅವನ ಮಗನ ಕೂಸೂ ನಮ್ಮಲ್ಲಿಗೇ ಬರುತ್ತಿತ್ತು.

"ಯಾವ ಹುಡುಗರಿಗೆ ಹುಳಾ ಬಿದ್ದಾವ? ಹೇಳಿಬಿಡು. ಉಳದ ಹುಡುಗರನ್ನರ ನಾವು ನೋಡ್ಕೋಬೇಕಲ್ಲ?"

ಆಯಾ ಬಾಗಿಲ ಬದಿಯಲ್ಲಿ ನಿಂತಿದ್ದಳು. ಒಮ್ಮೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಕೇಳಿಕೆ ಏನಾದರೂ ಇತ್ತೋ ಇಲ್ಲವೋ, ಇವತ್ತಿಗೂ ತಿಳಿಯದು. ನಾನು ಹೇಳಬಹುದಿತ್ತು. ಹೆಸರು ತೆಗೆಯದೆಯೇ ಹೇಳಬಹುದಿತ್ತು. ಇದು ರೋಗ, ಡಾಕ್ಟರು ಹೀಗೆ ಹೀಗೆ ಅಂದಿದ್ದಾರೆ, ಸೋರುವ ಕಿವಿಯನ್ನು ನೋಡಿಯೂ ಬಿಟ್ಟವಳು ನಾನು, ಕಿವಿ ಉಳಿಸಿದವಳು ಇವಳು ಎಂದು. ಅಣ್ಣನ ಮುಖ ನೋಡಿದೆ. ಆ ದಿನ ಅವನ ಮನೆಗೇ ಹೋಗಿ ಉಣ್ಣಬೇಕಿತ್ತು, ಅವನ ಮನೆಯಲ್ಲೇ ಮಲಗಬೇಕಿತ್ತು.

"ಯಾವ ಹುಡುಗರಿಗೂ ಏನೂ ಆಗಿಲ್ರಿ" ಅಂದಳು ಆಯಾ. ದನಿ ಸಣ್ಣದಾಗಿರಲಿಲ್ಲ. "ಹುಳಾ ಬಿದ್ದಿದ್ದು ನನ್ನ ಕಿವ್ಯಾಗ. ಈ ಕಿವಿ ಕೇಳಲಾರದ್ದು ಅದಕ್ಕ."

ಅದು ಸುಳ್ಳಾಗಿರಲಿಲ್ಲ. ಐವತ್ತು ವರ್ಷದ ಹಿಂದಿನದು ಎಂಬುದನ್ನು ಮಾತ್ರ ಅವಳು ಹೇಳಲಿಲ್ಲ.

ಮುಂದೆ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅಣ್ಣ ಅಂದ, "ಮತ್ತ ಹುಳಾ ಬಿದ್ದಾಕಿ ಕೈಲೆ ನಮ್ಮ ಹುಡುಗರು ಹೆಂಗ ಉಣ್ಣಬೇಕು?" ಎಷ್ಟೋ ವರ್ಷದಿಂದ ಬಾಯಿಬಿಟ್ಟು ಹೇಳಲಾಗದೆ ಡಬ್ಬಿ ಕಟ್ಟುತ್ತಿದ್ದವರಿಗೆಲ್ಲ, ಹೇಳಬಹುದಾದ ಒಂದು ಕಾರಣ ಸಿಕ್ಕಿಬಿಟ್ಟಿತ್ತು. "ಹೌದ್ರಿ, ಹೌದು" ಎಂದು ನಾಲ್ಕು ಕಡೆಯಿಂದ ದನಿ ಎದ್ದವು. ಹುಡುಗಿಯ ತಾಯಿ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಲ್ಲೇ ನಿಂತಿದ್ದಳು.

ಆಗ ನಾನು ಬಾಯಿ ತೆರೆದೆ. "ನಾಳಿಂದ ಒಲಿ ನಾನ ನೋಡ್ಕೋತೀನಿ. ಆಯಾ ಹೊರಗಿನ ಕೆಲಸಾ ನೋಡ್ಕೋತಾಳ" ಅಂದೆ. ಎಲ್ಲರಿಗೂ ಒಪ್ಪಿಗೆಯಾಯಿತು. ಎಷ್ಟು ಚಂದಾಗಿ ಬಗೆಹರಿಸಿದಿ ಎಂದು ಮನೆಯಲ್ಲಿ ಅತ್ತಿಗೆ ಹೊಗಳಿದಳು.

ಮರುದಿನ ಆಯಾ ಎಂದಿನಂತೆ ಬಂದಳು. ಕಸ ಹೊಡೆದಳು. ನೀರು ತುಂಬಲು ಹೋದರೆ ಯಾರದೋ ಸೊಸೆ ಬಂದು ಅವಳ ಕೈಯಿಂದ ಕೊಡ ಇಸಿದುಕೊಂಡಳು. ಆಮೇಲೆ ಮಾಡಲು ಏನೂ ಇಲ್ಲದೆ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಮಕ್ಕಳನ್ನು ಮಲಗಿಸುವ ಹೊತ್ತಿಗೆ ಅವಳ ಸೀರೆಯ ತುಂಡು ಗೂಟಕ್ಕೆ ನೇತಾಡುತ್ತಿತ್ತು. ನಾನು ಬೀಸಿದೆ, ನನ್ನ ಕೈ ಬೇಗ ಸೋತಿತು. ನಾನು ಮಾಡಿದ ಉಸುಳಿಯನ್ನು ಅವಳಿಗೂ ಒಂದು ತಟ್ಟೆ ಕೊಟ್ಟೆ. "ಮನ್ಯಾಗ ಉಂಡ ಬಂದೀನ್ರಿ ಅಕ್ಕೋರ" ಅಂದಳು. ಆ ಮೇಲೆ ದಿನವೂ ಅದೇ ಉತ್ತರ. ಕೆಲವು ದಿನ ಹೊಟ್ಟೆ ಹಿಡಿದುಕೊಂಡು ಕೂತದ್ದನ್ನು ನೋಡಿದ್ದೇನೆ. ಆದರೂ ಅದೇ ಉತ್ತರ.

ಹುಡುಗಿ ತಿರುಗಿ ಬಂದ ಮೊದಲ ದಿನ ಮೆಟ್ಟಿಲಲ್ಲಿ ಆಯಾಳನ್ನು ಕಂಡವಳೇ ಓಡಿಹೋಗಿ ತೊಡೆಯ ಮೇಲೆ ಬಿದ್ದಳು. ಬಾಜೂ ಮನೆಯ ಹೆಂಗಸರು ನೋಡುತ್ತಿದ್ದರು. ತಾಯಿ ಬಂದು ಮಗಳ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕಳಿಸಿದಳು. ಹಾಗೆ ಮಾಡುವಾಗ ಅವಳು ಆಯಾಳ ಮುಖ ನೋಡಲಿಲ್ಲ. ಆಯಾ ಮಾತ್ರ, "ಹೌದವಾ, ಒಳಗ ಹೋಗು, ಆಡು" ಎಂದು ತಾನೂ ಕೂಸಿನ ಬೆನ್ನು ತಟ್ಟಿದಳು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಅಂಗನವಾಡಿಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟಳು.

"ನಾಳಿಂದ ಬರೂದಿಲ್ರಿ. ಶಲವಡಿ ಕಡೆ ನಮ್ಮ ಅಕ್ಕನ ಮಗಾ ಅದಾನ, ಅಲ್ಲೆ ಹೊಲದ ಕೆಲಸಾ ಇರತಾವಂತ."

"ಯಾಕ?" ಅಂದೆ. ಗೊತ್ತಿಲ್ಲದವಳ ಹಾಗೆ ಕೇಳಿದ ಆ 'ಯಾಕ' ಇದೆಯಲ್ಲ, ಅದು ಈಗಲೂ ಕಿವಿಯಲ್ಲಿ ಕೇಳಿಸುತ್ತದೆ.

"ಖಾಲಿ ಕುಂದ್ರಾಕ ಬರೂದಿಲ್ರಿ ನನಗ" ಅಂದಳು. ಬಾಗಿಲ ತನಕ ಹೋಗಿ ತಿರುಗಿದಳು. "ಆ ಕೂಸಿನ ಕಿವ್ಯಾಗ ನೀರು ಹೋಗಲಾರದಂಗ ನೋಡ್ಕೋರಿ. ಎರಕೊಳ್ಳು ಮುಂದ ಎಣ್ಣ್ಯಾಗ ಅದ್ದಿದ ಹತ್ತಿ ಇಡಾಕ ಹೇಳ್ರಿ ಅವರವ್ವಗ."

ಅಷ್ಟೇ. ಒಂದು ಪತ್ರವಿಲ್ಲ, ಫೋನಿಲ್ಲ. ಶಲವಡಿ ಬಹಳ ದೂರದ ಊರೇನಲ್ಲ. ಒಂದೇ ದಿನದಲ್ಲಿ ಹೋಗಿ ಬರಬಹುದು. ಮುಂದಿನ ವರ್ಷ ಹೋಗುವೆ, ರಜೆಯಲ್ಲಿ ಹೋಗುವೆ ಎಂದುಕೊಳ್ಳುತ್ತಲೇ ನಾನು ರಿಟೈರ್ ಆದೆ. ಅಣ್ಣನ ಮನೆ ಬಿಟ್ಟು ಇಲ್ಲಿ ಕಲಘಟಗಿಯಲ್ಲಿ ಎರಡು ಕೋಣೆ ಹಿಡಿದೆ. ಇಲ್ಲಿ ಯಾರೂ ನನ್ನನ್ನು ಅಕ್ಕೋರ ಅನ್ನುವುದಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಆ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮದುವೆ ಗೊತ್ತಾಗಿತ್ತು. ನನಗೊಂದು ಪತ್ರಿಕೆ ಕೊಟ್ಟು, ಚೀಲದಿಂದ ಇನ್ನೊಂದನ್ನು ತೆಗೆದಳು. ಅದರ ಮೇಲೆ 'ಆಯಾ' ಎಂದಷ್ಟೇ ಬರೆದಿತ್ತು. "ಅವರ ಮನಿ ಎಲ್ಲೈತ್ರಿ ಅಕ್ಕೋರ? ನಾನ ಹೋಗಿ ಕೊಡಬೇಕಂತ ಮಾಡೀನಿ" ಅಂದಳು. ನಾನೂ ಬರುತ್ತೇನೆ ಅಂದೆ.

ಶಲವಡಿಯ ದಾರಿಯುದ್ದಕ್ಕೂ ಕರಿ ಹೊಲ, ಎರಡೂ ಬದಿಗೆ ಕಡಲೆ. ಮಳೆಗಾಲದಲ್ಲಿ ಗದ್ದೆಯ ಕೆಸರು ತುಳಿದು ಬೆಳೆದವಳು, ಒಂದೂ ಮರವಿಲ್ಲದ ಈ ಬಯಲಿನಲ್ಲಿ ಹೇಗೆ ದಿನ ತೆಗೆದಳೋ ಎಂದುಕೊಂಡೆ. ಕೇಳುತ್ತ ಕೇಳುತ್ತ ಆ ಅಕ್ಕನ ಮಗನ ಮನೆ ಸಿಕ್ಕಿತು. ಅವನು ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ ನಮ್ಮನ್ನು ಕೂರಿಸಿ ನೀರು ಕೊಟ್ಟಳು.

"ಚಿಗವ್ವ ಹೋಗಿ ವರ್ಷಾತ್ರಿ" ಅಂದಳು. "ಜ್ವರಾ ಬಂದಿತ್ತು. ಎರಡ ದಿನಾ ಅಷ್ಟ."

ಹುಡುಗಿ ಪತ್ರಿಕೆಯನ್ನು ಹಿಡಿದುಕೊಂಡೇ ಕೂತಳು. ನಾವು ಯಾರೆಂದು ಆ ಹೆಂಗಸು ಕೇಳಿದಳು. ಅಂಗನವಾಡಿಯಲ್ಲಿ ಜೊತೆಗಿದ್ದವಳು ಎಂದು ಹೇಳಿದೆ.

"ಅಂಗನವಾಡ್ಯಾಗ ಕೆಲಸಾ ಮಾಡತಿದ್ಲೇನ್ರಿ?" ಅವಳಿಗೆ ಆಶ್ಚರ್ಯವಾಯಿತು. "ಒಂದಿನಾನೂ ಅಂದಿಲ್ಲ ನೋಡ್ರಿ. ಕಳೇವು ತಗೀತಿದ್ಲು, ಹತ್ತಿ ಬಿಡಸ್ತಿದ್ಲು, ನಮ್ಮ ಮೂರೂ ಹುಡುಗರನ್ನ ಎತ್ತಿ ಆಡಸ್ಯಾಳ. ಅಡಗಿಗೆ ಮಾತ್ರ ಕೈ ಹಚ್ಚಲಿಲ್ಲ. ನಾ ಬಾಣಂತಿ ಇದ್ದಾಗನೂ ಬಾಜೂ ಮನ್ಯಾಕಿನ್ನ ಕರದು ಮಾಡಸಿದ್ಲು. 'ನನಗ ಬರೂದಿಲ್ಲವಾ' ಅಂತಿದ್ಲು. ಬರೂದ ಇಲ್ಲೇನೋ ಅಂತ ನಾವೂ ಬಿಟ್ಟಿದ್ವಿ."

ಹುಡುಗಿ ಪತ್ರಿಕೆಯನ್ನು ಆ ಹೆಂಗಸಿನ ಕೈಗೆ ಕೊಟ್ಟು, ನೀವಾದರೂ ಬರಬೇಕು ಎಂದಳು.

ತಿರುಗಿ ಬರುವ ಬಸ್ಸಿನಲ್ಲಿ ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಪುಸ್ತಕದಲ್ಲಿ 'ಚೆನ್ನಾಗಿದೆ' ಎಂದು ಬರೆದದ್ದು, ಆ ಸೋಮವಾರ, ನಾನು ಸುಮ್ಮನಿದ್ದದ್ದು. ಅವಳು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡಳು.

"ಗೊತ್ತೈತ್ರಿ" ಅಂದಳು. "ನಮ್ಮವ್ವ ಹೇಳ್ಯಾಳ. ಆಕಿನೂ ಸುಮ್ಮ ನಿಂತಿದ್ಲಂತ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಅವರ ಕೈಲೆ ಉಂಡಿದ್ದು ನನಗ ನೆನಪ ಇಲ್ರಿ ಅಕ್ಕೋರ. ಏನೇನು ಮಾಡತಿದ್ರು?"

ಹುಬ್ಬಳ್ಳಿ ಬರುವ ತನಕ ಅದನ್ನೇ ಹೇಳಿದೆ. ಉಸುಳಿಗೆ ಕೊನೆಯಲ್ಲಿ ಕೊಬ್ಬರಿ ಉದುರಿಸುತ್ತಿದ್ದದ್ದು, ಉಪ್ಪಿಟ್ಟಿನ ತಳ ಕೆರೆದು ಅಳುವ ಮಗುವಿನ ಕೈಗೆ ಕೊಡುತ್ತಿದ್ದದ್ದು, ಬಿಸಿ ಅನ್ನವನ್ನು ಸೆರಗಿನಿಂದ ಬೀಸಿ ಆರಿಸುತ್ತಿದ್ದದ್ದು... ಅವಳು ಇಳಿದು ಹೋದಳು. ನಾನು ಕಲಘಟಗಿಯ ಬಸ್ಸು ಹತ್ತಿದೆ.

ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಹುಡುಗಿಯ ತಾಯಿ ಬಂದು ನನ್ನ ಬದಿಯಲ್ಲೇ ಕೂತಳು. ಕೂದಲು ನೆರೆತಿವೆ. ಇಬ್ಬರೂ ಎಲೆಯ ಮೇಲೆ ಕಣ್ಣಿಟ್ಟು ಉಂಡೆವು. ಪಲ್ಯ ಚಲೋ ಆಗಿದೆ ಎಂದು ಅವಳು ಅಂದಳು, ಹೌದು ಅಂದೆ. ಶಲವಡಿಯ ಮಾತನ್ನು ಅವಳು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಆ ದಿನದ ನಿಜ ಗೊತ್ತಿರುವವರು ಈಗ ನಾವು ಮೂರೇ ಮಂದಿ. ಮಾತಾಡಬೇಕಾದ ಹೊತ್ತಿಗೆ ಬಾಯಿ ತೆರೆದವಳು ಒಬ್ಬಳೇ ಇದ್ದಳು. ಅವಳು ಇಲ್ಲ.